ಗುಮಾಸ್ತರನ್ನು ಕೇಳಿ: ಕಾರ್ಡ್ ಇದೆ, ಚೀಟಿ ಇಲ್ಲ

ಸರ್ಕಾರದ ಆರೋಗ್ಯ ಯೋಜನೆಗಳ ಬಗ್ಗೆ ಪ್ರಶ್ನೆ ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಬೈಗುಳ. ಇರಲಿ, ಮೂವತ್ತು ವರ್ಷ ತಾಲ್ಲೂಕು ಆರೋಗ್ಯ ಕಚೇರಿಯಲ್ಲಿ ಗುಮಾಸ್ತನಾಗಿ ಕೂತವನಿಗೆ ಅದೇನು ಹೊಸದಲ್ಲ. ಉತ್ತರ ಕೊಡೋಕೆ ಆಗುವಂಥ ಪತ್ರಗಳನ್ನು ಆರಿಸಿಕೊಂಡಿದ್ದೇನೆ.

ಪ್ರ: ನಮ್ಮ ಯಜಮಾನರಿಗೆ ಆಪರೇಷನ್ ಆಗಬೇಕು ಅಂದರು. ಬಿಪಿಎಲ್ ಕಾರ್ಡ್ ಇದೆ, ಆಯುಷ್ಮಾನ್ ಕಾರ್ಡೂ ಇದೆ. ಖಾಸಗಿ ಆಸ್ಪತ್ರೆಗೆ ಹೋದರೆ ಕೌಂಟರಿನಲ್ಲಿದ್ದ ಹುಡುಗಿ "ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ತನ್ನಿ" ಅಂದಳು. ಐದು ಲಕ್ಷ ಉಚಿತ ಅಂತ ಬೋರ್ಡ್ ಹಾಕಿ ಹೀಗೆ ಅಲೆಸುವುದು ಯಾಕೆ? (ಹಾವೇರಿ ಜಿಲ್ಲೆಯ ಓದುಗರು)

ಉ: ಅಮ್ಮಾ, ಯಾವ ಆಪರೇಷನ್ ಅಂತ ನೀವು ಬರೆದೇ ಇಲ್ಲ. ಇಡೀ ಕಥೆ ನಿಂತಿರುವುದೇ ಅದರ ಮೇಲೆ.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಅನ್ನೋದು ಎರಡು ಯೋಜನೆ ಸೇರಿ ಆದದ್ದು. ರಾಜ್ಯದ ಆರೋಗ್ಯ ಕರ್ನಾಟಕ ಶುರುವಾದದ್ದು 2018ರ ಮಾರ್ಚ್‌ನಲ್ಲಿ, ಕೇಂದ್ರದ್ದು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ. ಅಕ್ಟೋಬರ್ ಕೊನೆಗೆ ಎರಡನ್ನೂ ಒಂದು ಮಾಡಿದರು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಅನ್ನೋದು ನಿಜ. ಆದರೆ ಆ ಬೋರ್ಡಿನಲ್ಲಿ ಬರೆಯದ ಮಾತು ಒಂದಿದೆ. ಚಿಕಿತ್ಸೆಗಳನ್ನೆಲ್ಲ ಪಟ್ಟಿ ಮಾಡಿ ಭಾಗ ಮಾಡಿದ್ದಾರೆ. ಸಣ್ಣಪುಟ್ಟವು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ಸ್ವಲ್ಪ ಕಷ್ಟದವು ಮತ್ತು ದೊಡ್ಡವು, ಅಂದರೆ ಹೃದಯ, ಕ್ಯಾನ್ಸರ್, ನರ, ಕಿಡ್ನಿ ಇಂಥವು, ಸರ್ಕಾರಿ ಆಸ್ಪತ್ರೆಯಲ್ಲಿ ಆಗದಿದ್ದರೆ ಅಲ್ಲಿಂದ ಚೀಟಿ ಪಡೆದು ಖಾಸಗಿಗೆ ಹೋಗಬಹುದು. ತುರ್ತು ಚಿಕಿತ್ಸೆಗಳ ಪಟ್ಟಿ ಬೇರೆಯೇ ಇದೆ, ಅದಕ್ಕೆ ಚೀಟಿ ಬೇಡ.

ಈ ಚೀಟಿಯನ್ನು ಯಾಕೆ ಇಟ್ಟರು ಅಂತ ನೀವು ಕೇಳಬಹುದು. ಇದಕ್ಕೂ ಮೊದಲು ಆರ್‌ಎಸ್‌ಬಿವೈ ಅಂತ ಬಡ ಕುಟುಂಬಗಳ ಆರೋಗ್ಯ ವಿಮೆಯ ಒಂದು ಕಾರ್ಡ್ ಇತ್ತು, ವರ್ಷಕ್ಕೆ 30 ಸಾವಿರದವರೆಗಿನದು. ಆ ಕಾಲದಲ್ಲಿ ಬಿಹಾರ, ಛತ್ತೀಸಗಢದ ಕೆಲವು ಖಾಸಗಿ ಆಸ್ಪತ್ರೆಗಳು ಕಾರ್ಡಿನ ದುಡ್ಡಿಗಾಗಿ ಬೇಕಿಲ್ಲದ ಹೆಂಗಸರಿಗೂ ಗರ್ಭಕೋಶ ತೆಗೆದುಬಿಟ್ಟ ಪ್ರಕರಣಗಳು 2012ರಲ್ಲಿ ಹೊರಬಂದವು. ದುಡ್ಡು ಕೊಡುವವರು ಒಬ್ಬರು, ಹೊಟ್ಟೆ ಕೊಯ್ಯಿಸಿಕೊಳ್ಳುವವರು ಇನ್ನೊಬ್ಬರು ಅಂತಾದರೆ ನಡುವೆ ಯಾರಾದರೂ "ಇದು ಬೇಕಾ?" ಅಂತ ಕೇಳಲೇಬೇಕು. ಆ ಕೆಲಸವನ್ನು ಸರ್ಕಾರಿ ವೈದ್ಯರಿಗೆ ಒಪ್ಪಿಸಿದ್ದಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಆಗುವ ಕೆಲಸಕ್ಕೆ ಹೊರಗೆ ದುಡ್ಡು ಕೊಡುವುದು ಯಾಕೆ ಅನ್ನೋ ಲೆಕ್ಕಾಚಾರವೂ ಇದೆ. ಎರಡೂ ಸರಿಯಾದ ಯೋಚನೆಯೇ.

ಆದರೆ ಆ ಯೋಚನೆಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಸರ್ಜನ್ ಇದ್ದಾರೆ, ಅರಿವಳಿಕೆ ವೈದ್ಯರಿದ್ದಾರೆ, ಇಬ್ಬರೂ ಒಂದೇ ದಿನ ಬರುತ್ತಾರೆ ಅನ್ನೋ ನಂಬಿಕೆ ಇದೆ. ನಾನಿದ್ದ ತಾಲ್ಲೂಕಿನಲ್ಲಿ ಅರಿವಳಿಕೆ ವೈದ್ಯರು ವಾರಕ್ಕೆ ಎರಡು ದಿನ ಪಕ್ಕದ ತಾಲ್ಲೂಕಿನಿಂದ ಬರುತ್ತಿದ್ದರು. ಆ ದಿನವೇ ಕರೆಂಟ್ ಹೋಗಿ ಜನರೇಟರಿಗೆ ಡೀಸೆಲ್ ಇಲ್ಲ ಅಂದರೆ ಮುಗೀತು, ಮುಂದಿನ ವಾರ. ರೆಫರಲ್ ಬರೆಯಬೇಕಾದ ವೈದ್ಯರು ಮೀಟಿಂಗ್‌ಗೆ ಜಿಲ್ಲಾ ಕೇಂದ್ರಕ್ಕೆ ಹೋಗಿರುತ್ತಾರೆ. ಒಮ್ಮೆ ಒಬ್ಬ ಅಜ್ಜ ಬೆಳಗ್ಗೆ ಒಂಬತ್ತಕ್ಕೆ ಬಂದು ನನ್ನ ಮೇಜಿನ ಪಕ್ಕದ ಬೆಂಚಿನ ಮೇಲೆ ಕೂತವರು ಸಂಜೆ ಕೊನೇ ಬಸ್ಸಿನ ತನಕ ಕೂತೇ ಇದ್ದರು, ಮಧ್ಯೆ ಎದ್ದು ಊಟಕ್ಕೂ ಹೋಗಲಿಲ್ಲ, ಎದ್ದರೆ ಡಾಕ್ಟರು ಬಂದು ಹೋಗಿಬಿಟ್ಟಾರು ಅನ್ನೋ ಭಯ. ಅವರಿಗೆ ಬೇಕಾಗಿದ್ದದ್ದು ಒಂದು ಸಹಿ.

ನೀವು ಹೀಗೆ ಮಾಡಿ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಇರುತ್ತಾರೆ. ಕೌಂಟರಿನ ಹುಡುಗಿಯನ್ನು ಬಿಟ್ಟು ಅವರನ್ನು ಹುಡುಕಿ, ನಿಮ್ಮ ಯಜಮಾನರ ಆಪರೇಷನ್ ಪಟ್ಟಿಯ ಯಾವ ಭಾಗದಲ್ಲಿದೆ ಅಂತ ಕೇಳಿ. ಸರ್ಕಾರಿ ಆಸ್ಪತ್ರೆಗೆ ಹೋಗುವಾಗ ಸ್ಕ್ಯಾನಿಂಗ್ ರಿಪೋರ್ಟ್, ಎರಡೂ ಕಾರ್ಡ್, ಆಧಾರ್ ಎಲ್ಲದರ ಜೆರಾಕ್ಸ್ ಇಟ್ಟುಕೊಳ್ಳಿ. ದಾರಿ ತಿಳಿಯದಿದ್ದರೆ 104ಕ್ಕೆ ಫೋನ್ ಮಾಡಿ.

ಪ್ರ: ನಮ್ಮದು ಎಪಿಎಲ್. ನಮಗೆ ಏನೂ ಇಲ್ವಾ? (ಶಿವಮೊಗ್ಗ)

ಉ: ಇದೆ, ಜಾಸ್ತಿ ಇಲ್ಲ. ಒಂದೊಂದು ಚಿಕಿತ್ಸೆಗೂ ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರದ 30% ಸರ್ಕಾರ ಕೊಡುತ್ತದೆ, ವರ್ಷಕ್ಕೆ ಕುಟುಂಬಕ್ಕೆ ಒಂದೂವರೆ ಲಕ್ಷದ ಮಿತಿ. ಗಮನಿಸಿ, ಆಸ್ಪತ್ರೆ ಬಿಲ್ಲಿನ 30% ಅಲ್ಲ, ಪ್ಯಾಕೇಜ್ ದರದ 30%. ಎರಡಕ್ಕೂ ಬಹಳ ಅಂತರ ಇರುತ್ತದೆ.

ಪ್ರ: ನಮ್ಮಪ್ಪನ ಕಾಲದಿಂದ ಸೊಸೈಟಿಯಲ್ಲಿ ಯಶಸ್ವಿನಿ ಆರೋಗ್ಯ ಯೋಜನೆಗೆ ಚಂದಾ ಕಟ್ಟುತ್ತಿದ್ದೆವು. ನಿಲ್ಲಿಸಿದರು. ಈಗ ಮತ್ತೆ ಶುರು ಮಾಡಿದ್ದಾರೆ. ಸರ್ಕಾರಕ್ಕೆ ಬೇರೆ ಕೆಲಸ ಇಲ್ವಾ? (ಮಂಡ್ಯದ ರೈತರೊಬ್ಬರು)

ಉ: ನಿಮ್ಮ ಸಿಟ್ಟು ನನಗೂ ಇತ್ತು. ಯಶಸ್ವಿನಿ ಜಾರಿಗೆ ಬಂದದ್ದು 2003ರಲ್ಲಿ. ತಲೆಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ಡಾ. ದೇವಿ ಶೆಟ್ಟಿ ಅವರ ಯೋಚನೆ, ಎಸ್.ಎಂ. ಕೃಷ್ಣ ಅವರ ಸರ್ಕಾರದ ಒತ್ತಾಸೆ, ಸಹಕಾರ ಇಲಾಖೆಯ ಜಾಲ. ಹಾಲಿನ ಡೇರಿ, ಪತ್ತಿನ ಸೊಸೈಟಿ ಮೊದಲೇ ಊರೂರಲ್ಲಿ ಇದ್ದವು, ಹಾಗಾಗಿ ಸದಸ್ಯರನ್ನು ಹುಡುಕಿಕೊಂಡು ಹೋಗುವ ಖರ್ಚೇ ಇರಲಿಲ್ಲ. ಹೊಸ ಕಚೇರಿ ಕಟ್ಟದೆ, ಇದ್ದ ಸೊಸೈಟಿ ಕಾರ್ಯದರ್ಶಿಯ ರಸೀದಿ ಪುಸ್ತಕದಲ್ಲೇ ಒಂದು ದೊಡ್ಡ ಯೋಜನೆ ನಡೆಸಿದ್ದು ಸಣ್ಣ ಮಾತಲ್ಲ.

2018ರಲ್ಲಿ ಎಲ್ಲಾ ಯೋಜನೆಗಳನ್ನು ಒಂದೇ ಕೊಡೆಯ ಕೆಳಗೆ ತರುತ್ತೇವೆ ಅಂತ ಹೇಳಿ ಇದನ್ನೂ ಆರೋಗ್ಯ ಕರ್ನಾಟಕದೊಳಗೆ ಸೇರಿಸಿದರು. ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಯಶಸ್ವಿನಿಯಲ್ಲಿ ರೈತ ಚಂದಾ ಕಟ್ಟಿದವನು, "ನಾನು ಕಟ್ಟಿದ್ದೀನಿ, ಕೊಡ್ರಿ" ಅಂತ ಆಸ್ಪತ್ರೆಯಲ್ಲಿ ಗಟ್ಟಿಯಾಗಿ ಕೇಳುತ್ತಿದ್ದ. ಉಚಿತ ಕಾರ್ಡಿಗೆ ಆ ದನಿ ಬರಲಿಲ್ಲ. ಎಪಿಎಲ್ ಆಗಿದ್ದ ಸಣ್ಣ ರೈತರಿಗಂತೂ ನೇರ ನಷ್ಟ, 30% ಮಾತ್ರ. ಸಹಕಾರಿಗಳ ಒತ್ತಾಯ ನಿಲ್ಲಲಿಲ್ಲ. 2022ರ ಬಜೆಟ್‌ನಲ್ಲಿ ಮತ್ತೆ ಘೋಷಿಸಿ 2023ರ ಜನವರಿಯಿಂದ ಜಾರಿಗೆ ತಂದರು. ಮತ್ತೆ ತಂದಾಗಿನ ದರ ಹಳ್ಳಿಯಲ್ಲಿ ನಾಲ್ಕು ಜನರ ಕುಟುಂಬಕ್ಕೆ 500, ಪೇಟೆಯಲ್ಲಿ 1000, ಮಿತಿ 5 ಲಕ್ಷ. ನೋಂದಣಿಗೆ ಗಡುವು ಇರುತ್ತದೆ, ಸೊಸೈಟಿಯಲ್ಲಿ ಕೇಳಿ. ಗಡುವು ದಾಟಿದ ಮೇಲೆ ಕಾಯಿಲೆ ಬಂತು ಅಂತ ಹೋದರೆ ಕಾರ್ಯದರ್ಶಿ ಏನೂ ಮಾಡಲಾರರು, ಅವರನ್ನು ಬೈಯಬೇಡಿ.

ಪ್ರ: ಎದೆನೋವು ಬಂದರೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ಸಮಯ ಹಾಳು ಮಾಡುವುದಕ್ಕಿಂತ ನೇರ ಸಿಟಿಗೆ ಹೋಗುವುದೇ ಒಳ್ಳೇದಲ್ವಾ? (ಚಿತ್ರದುರ್ಗ)

ಉ: ಹತ್ತು ವರ್ಷದ ಹಿಂದೆ ಕೇಳಿದ್ದರೆ ನಾನೂ ಹೌದು ಅನ್ನುತ್ತಿದ್ದೆ. ಈಗ ಇಲ್ಲ.

ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ 2023ರ ನವೆಂಬರ್‌ನಲ್ಲಿ ಶುರುವಾಯಿತು. ಅಪ್ಪು 2021ರ ಅಕ್ಟೋಬರ್ 29ರಂದು ಹೋದ ಸುದ್ದಿ ಬಂದಾಗ ಇಡೀ ರಾಜ್ಯದಲ್ಲಿ ಜನ ಇಸಿಜಿ ಮಾಡಿಸಿಕೊಳ್ಳೋಕೆ ಸಾಲು ನಿಂತದ್ದು ನೆನಪಿದೆ ಅಲ್ವಾ? ಈ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಕಂಪ್ಯೂಟರ್ ಮೂಲಕ ಜಯದೇವದಂಥ ದೊಡ್ಡ ಆಸ್ಪತ್ರೆಗೆ ಹೋಗುತ್ತದೆ. ಅಲ್ಲಿನ ತಜ್ಞರು ನೋಡಿ ಇದು ದೊಡ್ಡ ಹೃದಯಾಘಾತ ಅಂದರೆ, ಇಲ್ಲೇ ಟೆನೆಕ್ಟಿಪ್ಲೇಸ್ ಅನ್ನೋ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಮದ್ದು ಅದು. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ. ಆಮೇಲೆ ಆಂಬುಲೆನ್ಸಿನಲ್ಲಿ ದೊಡ್ಡಾಸ್ಪತ್ರೆಗೆ.

ಇದನ್ನು ಒಳ್ಳೆಯ ನೀತಿ ಅಂತ ನಾನು ಯಾಕೆ ಹೇಳುತ್ತೇನೆ ಅಂದರೆ, ಇಲ್ಲಿ ಪ್ರತಿ ತಾಲ್ಲೂಕಿಗೂ ಹೃದ್ರೋಗ ತಜ್ಞರನ್ನು ಹಾಕುತ್ತೇವೆ ಅಂತ ಸುಳ್ಳು ಹೇಳಿಲ್ಲ. ತಜ್ಞರು ಬರಲ್ಲ ಅಂತ ಒಪ್ಪಿಕೊಂಡು, ತಜ್ಞರ ಕಣ್ಣನ್ನು ಮಾತ್ರ ತಂದಿದ್ದಾರೆ. ಮೊದಲ ಮೂರು ಗಂಟೆಯೊಳಗೆ ಆ ಮದ್ದು ಒಳಗೆ ಹೋದರೆ ಅದರ ಕೆಲಸ ತುಂಬಾ ಜೋರು, ತಡವಾದಷ್ಟೂ ಕಡಿಮೆ. ನೀವು ಸಿಟಿಗೆ ಹೋಗುವ ದಾರಿಯಲ್ಲಿ ಕಳೆಯುವುದು ಆ ಗಂಟೆಗಳನ್ನೇ. ಎಲ್ಲ ತಾಲ್ಲೂಕು ಆಸ್ಪತ್ರೆಯಲ್ಲೂ ಇದು ಇದೆ ಅಂತ ಅಂದುಕೊಳ್ಳಬೇಡಿ, ನಿಮ್ಮಲ್ಲಿ ಇದೆಯೇ ಅಂತ ಇವತ್ತೇ ಹೋಗಿ ವಿಚಾರಿಸಿ. ನೋವು ಬಂದ ದಿನ 108ಕ್ಕೆ ಫೋನ್ ಮಾಡಿ, ಬೈಕ್ ಹತ್ತಬೇಡಿ. ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮಲಗುವವರ ಬಗ್ಗೆ ನಾನು ಏನೂ ಹೇಳಲ್ಲ, ನಮ್ಮ ಭಾವನವರು ಹಾಗೇ ಹೋದರು.

ಪ್ರ: ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ ಅಂತಾರೆ. ಪ್ರತಿ ಸಲ ಡಾಕ್ಟರು ಒಂದು ಸಣ್ಣ ಬಿಳಿ ಚೀಟಿಯಲ್ಲಿ ಬರೆದು ಹೊರಗೆ ತಗೊಳ್ಳಿ ಅಂತಾರೆ. ಇದು ಕಮಿಷನ್ ವ್ಯವಹಾರ ತಾನೇ? (ರಾಯಚೂರು)

ಉ: ಕೆಲವು ಕಡೆ ಇರಬಹುದು. ಬಹಳಷ್ಟು ಕಡೆ ಅದಲ್ಲ. ಇದು ನನ್ನ ಸ್ವಂತ ಕೆಲಸದ ವಿಷಯ, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಆಸ್ಪತ್ರೆಯವರು ವರ್ಷಕ್ಕೆ ಎಷ್ಟು ಬೇಕು ಅಂತ ಇಂಡೆಂಟ್ ಕಳಿಸಬೇಕು. ನಾವು ಏನು ಮಾಡುತ್ತಿದ್ದೆವು ಅಂದರೆ ಹೋದ ವರ್ಷದ್ದನ್ನು ನೋಡಿ ಅದಕ್ಕೆ ಹತ್ತು ಪರ್ಸೆಂಟ್ ಸೇರಿಸಿ ಬರೆಯುತ್ತಿದ್ದೆವು. ಹೋದ ವರ್ಷ ಸ್ಟಾಕ್ ಇಲ್ಲದೆ ಖಾಲಿ ಇದ್ದದ್ದೂ "ಖರ್ಚು ಕಡಿಮೆ" ಅಂತಲೇ ಲೆಕ್ಕಕ್ಕೆ ಬರುತ್ತಿತ್ತು. ಶುಗರ್ ಮಾತ್ರೆ ನಾಲ್ಕು ತಿಂಗಳು ಬರಲೇ ಇಲ್ಲ ಅಂತಿಟ್ಟುಕೊಳ್ಳಿ, ಮುಂದಿನ ವರ್ಷದ ಇಂಡೆಂಟಿನಲ್ಲಿ ಶುಗರ್ ಮಾತ್ರೆ ಇನ್ನೂ ಕಡಿಮೆ! ಅದೇ ಹೊತ್ತಿಗೆ ಯಾರೂ ಕೇಳದ ಯಾವುದೋ ಸಿರಪ್ ಪೆಟ್ಟಿಗೆಗಟ್ಟಲೆ ಬಂದು ಎಕ್ಸ್‌ಪೈರಿ ಆಗುವ ತನಕ ಮೆಟ್ಟಿಲ ಕೆಳಗೆ ಕೂತಿರುತ್ತಿತ್ತು. ಒಂದು ಮಳೆಗಾಲ ಆ ಪೆಟ್ಟಿಗೆಗಳ ಮೇಲೆ ಬೆಕ್ಕು ಮರಿ ಹಾಕಿತ್ತು.

ಪಕ್ಕದ ತಮಿಳುನಾಡು ಇದನ್ನು 1995ರಿಂದಲೇ ಬೇರೆ ಥರ ಮಾಡುತ್ತಿದೆ. ಔಷಧ ಖರೀದಿಗೇ ಒಂದು ನಿಗಮ. ಪ್ರತಿ ಆಸ್ಪತ್ರೆಗೂ ಬ್ಯಾಂಕಿನ ಹಾಗೆ ಒಂದು ಪಾಸ್‌ಬುಕ್. ಅದರಲ್ಲಿರುವ ಮೊತ್ತದೊಳಗೆ ಆಸ್ಪತ್ರೆಯವರು ಗೋದಾಮಿನಿಂದ ತಮಗೆ ಬೇಕಾದದ್ದನ್ನು ತರಿಸಿಕೊಳ್ಳಬಹುದು. ಮೇಲಿನಿಂದ ತಳ್ಳುವುದಲ್ಲ, ಕೆಳಗಿನಿಂದ ಎಳೆಯುವುದು. ಬಂದ ಔಷಧದ ಗುಣಮಟ್ಟವನ್ನು ಹಂಚುವ ಮೊದಲು ಪರೀಕ್ಷೆ ಮಾಡಿಸುತ್ತಾರೆ. ನಮ್ಮಲ್ಲೂ ನಿಗಮ ಇದೆ, ಗೋದಾಮುಗಳಿವೆ, ಕಂಪ್ಯೂಟರ್ ಲೆಕ್ಕವೂ ಬಂದಿದೆ. ಆದರೆ ಟೆಂಡರ್ ಒಂದು ಕಡೆ ಸಿಕ್ಕಿಕೊಂಡರೆ ಸಾಕು, ರಾಯಚೂರಿನ ನಿಮ್ಮ ಕೈಗೆ ಬಿಳಿ ಚೀಟಿ ಬರುತ್ತದೆ.

ನಿಮ್ಮ ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಅಂತ ಒಂದು ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಶಾಸಕರೇ ಅಧ್ಯಕ್ಷರು. ಅದರ ಹಣದಲ್ಲಿ ತುರ್ತು ಔಷಧಗಳನ್ನು ಸ್ಥಳೀಯವಾಗಿ ಕೊಳ್ಳಲು ದಾರಿ ಇದೆ. ಹೊರಗೆ ಬರೆದುಕೊಟ್ಟ ಚೀಟಿಗಳನ್ನು ಎಸೆಯಬೇಡಿ. ನಿಮ್ಮ ಓಣಿಯವರದ್ದೆಲ್ಲ ಸೇರಿಸಿ ಇಪ್ಪತ್ತು ಚೀಟಿ ಒಂದು ಪಿನ್ ಹಾಕಿ ಆ ಸಮಿತಿಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಕಚೇರಿಯಲ್ಲಿ ಕೂತವನಾಗಿ ಹೇಳುತ್ತೇನೆ, ಒಬ್ಬರ ಕೂಗಾಟ ಸಂಜೆಗೆ ಮರೆತುಹೋಗುತ್ತದೆ, ಪಿನ್ ಹಾಕಿದ ಇಪ್ಪತ್ತು ಚೀಟಿಗೆ ಫೈಲ್ ನಂಬರ್ ಬೀಳುತ್ತದೆ.

ಪ್ರ: ಬಿಲ್ ಕಟ್ಟದೆ ಶವ ಕೊಡಲ್ಲ ಅಂತ ಖಾಸಗಿ ಆಸ್ಪತ್ರೆಯವರು ಹಿಡಿದಿಟ್ಟುಕೊಂಡರೆ? (ಹೆಸರು, ಊರು ಬೇಡ ಅಂದಿದ್ದಾರೆ)

ಉ: ಹಾಗೆ ಮಾಡುವಂತಿಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದ್ದು, 2017ರಲ್ಲಿ ತಿದ್ದುಪಡಿ ಆಯಿತು. ಬಾಕಿ ಹಣವನ್ನು ಆಮೇಲೆ ವಸೂಲಿ ಮಾಡಿಕೊಳ್ಳಲಿ, ಶವವನ್ನು ಮಾತ್ರ ಮೊದಲು ಕೊಡಬೇಕು ಅನ್ನೋದು ಅದರಲ್ಲಿದೆ. ಆ ತಿದ್ದುಪಡಿಯ ಗಲಾಟೆ ನೆನಪಿರಬೇಕು. ಆರೋಗ್ಯ ಸಚಿವ ರಮೇಶ್ ಕುಮಾರ್ ಮಸೂದೆ ತಂದಾಗ ಅದರಲ್ಲಿ ದರ ನಿಯಂತ್ರಣ, ಜೈಲು ಶಿಕ್ಷೆ ಎಲ್ಲಾ ಇತ್ತು. ನವೆಂಬರ್‌ನಲ್ಲಿ ಖಾಸಗಿ ವೈದ್ಯರು ಕ್ಲಿನಿಕ್ ಮುಚ್ಚಿ ಬೆಳಗಾವಿ ಅಧಿವೇಶನಕ್ಕೆ ಹೋದರು. ಸರ್ಕಾರಿ ಆಸ್ಪತ್ರೆಗಳನ್ನೂ ಇದರಡಿ ತನ್ನಿ ಅಂತ ಅವರ ಬೇಡಿಕೆ. ನ್ಯಾಯವಾದ ಮಾತೇ, ಅವರು ಅದನ್ನು ಯಾವ ಕಾರಣಕ್ಕೆ ಹೇಳಿದರೂ ಸರಿ. ಕೊನೆಗೆ ಮಸೂದೆ ಸಡಿಲವಾಗಿ ಪಾಸಾಯಿತು. ದೂರು ಕೇಳಲು ಜಿಲ್ಲೆಯಲ್ಲಿ ಪ್ರಾಧಿಕಾರ ಇದೆ, ಜಿಲ್ಲಾಧಿಕಾರಿ ಅಧ್ಯಕ್ಷರು. ಶವ ಒಳಗಿರುವಾಗ ದೂರು ಬರೆಯುತ್ತಾ ಕೂರಲು ಆಗಲ್ಲ, ಗೊತ್ತು. ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಕಚೇರಿಗೆ ಫೋನ್ ಮಾಡಿ ಕಾಯ್ದೆಯ ಹೆಸರು ಹೇಳಿ. ಅಷ್ಟರಲ್ಲೇ ಬಹಳ ಸಲ ಬಾಗಿಲು ತೆರೆಯುತ್ತದೆ.

ಪ್ರ: ಆರೋಗ್ಯದ ವಿಷಯ ಕೇಂದ್ರ ಸರ್ಕಾರದ್ದಾ, ರಾಜ್ಯದ್ದಾ? ಪರೀಕ್ಷೆಗೆ ಓದುತ್ತಿದ್ದೇನೆ. (ಬೆಂಗಳೂರಿನ ವಿದ್ಯಾರ್ಥಿ)

ಉ: ಸಾರ್ವಜನಿಕ ಆರೋಗ್ಯ, ಆಸ್ಪತ್ರೆ ಸಂವಿಧಾನದ ರಾಜ್ಯ ಪಟ್ಟಿಯ 6ನೇ ನಮೂದು. ಆದರೆ ದುಡ್ಡು ಯಾರ ಕೈಯಲ್ಲಿದೆಯೋ ಮಾತೂ ಅವರದ್ದೇ. ಆಯುಷ್ಮಾನ್‌ನಲ್ಲಿ ಕೇಂದ್ರ 60, ರಾಜ್ಯ 40. ಅದೂ ಕೇಂದ್ರ ತನ್ನ 2011ರ ಸಾಮಾಜಿಕ-ಆರ್ಥಿಕ ಮತ್ತು ಜಾತಿ ಗಣತಿಯ ಪಟ್ಟಿಯಲ್ಲಿರುವ, ನಮ್ಮ ರಾಜ್ಯದ ಸುಮಾರು 62 ಲಕ್ಷ ಕುಟುಂಬಗಳಿಗೆ ಲೆಕ್ಕ ಹಾಕಿ ಕೊಡುವುದು. ರೇಷನ್ ಕಾರ್ಡ್ ಇರುವ ಉಳಿದವರ ಪೂರ್ತಿ ಖರ್ಚು ರಾಜ್ಯದ್ದು. ಪರೀಕ್ಷೆಗೆ ಇನ್ನೊಂದು ಬರೆದುಕೊಳ್ಳಿ: 2017ರ ರಾಷ್ಟ್ರೀಯ ಆರೋಗ್ಯ ನೀತಿ, 2025ರ ಹೊತ್ತಿಗೆ ಜಿಡಿಪಿಯ 2.5% ಸರ್ಕಾರಿ ಖರ್ಚು ಅಂದಿತ್ತು. ಆ ಗುರಿ ಮುಟ್ಟಲಿಲ್ಲ. ಇದನ್ನು ಬರೆದರೆ ಮಾರ್ಕ್ಸ್ ಕೊಡ್ತಾರೋ ಇಲ್ವೋ.

ಪ್ರ: ನೀವು ಡಾಕ್ಟರು, ಕಾರ್ಡು, ಔಷಧ ಎಲ್ಲಾ ಬರೀತೀರಿ. ನಮ್ಮ ಬಗ್ಗೆ ಒಂದು ಮಾತೂ ಇಲ್ಲ. (ಒಬ್ಬ ಆಶಾ ಕಾರ್ಯಕರ್ತೆ, ಕೊಪ್ಪಳ)

ಉ: ತಪ್ಪಾಯ್ತು ತಾಯಿ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಬಂದಾಗ ಸಾವಿರ ಜನಕ್ಕೆ ಒಬ್ಬ ಆಶಾ ಅಂತ ಮಾಡಿ, "ಸ್ವಯಂಸೇವಕಿ" ಅಂದುಬಿಟ್ಟರು. ಆ ಒಂದು ಪದ ಇಟ್ಟುಕೊಂಡೇ ಇವತ್ತಿಗೂ ಸಂಬಳ ಅನ್ನದೆ ಗೌರವಧನ ಅನ್ನುತ್ತಾರೆ. 2025ರ ಜನವರಿಯ ಚಳಿಯಲ್ಲಿ ನೀವೆಲ್ಲ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಮಲಗಿದ ಮೇಲೆ ತಿಂಗಳಿಗೆ ಕನಿಷ್ಠ 10 ಸಾವಿರ ಅನ್ನೋ ಭರವಸೆ ಸಿಕ್ಕಿತು, ನೀವು ಕೇಳಿದ್ದು 15 ಸಾವಿರ. ಪೋರ್ಟಲ್‌ನಲ್ಲಿ ನಮೂದು ಆಗದ ಕೆಲಸಕ್ಕೆ ಪ್ರೋತ್ಸಾಹಧನ ಬರಲ್ಲ ಅಂತ ಬರೆದಿದ್ದೀರಿ. ಹೆರಿಗೆಗೆ ಕರೆದುಕೊಂಡು ಹೋದ ದಿನಾಂಕ, ತಾಯಿ ಕಾರ್ಡಿನ ನಂಬರ್, ನಮೂದು ಮಾಡಲು ಕೊಟ್ಟ ದಿನ ಇವಿಷ್ಟನ್ನು ನಿಮ್ಮದೇ ಒಂದು ನೋಟ್‌ಬುಕ್ಕಿನಲ್ಲಿ ಬರೆದು ತಿಂಗಳಿಗೊಮ್ಮೆ ವೈದ್ಯಾಧಿಕಾರಿಯ ಸಹಿ ಹಾಕಿಸಿಡಿ. ಮೂರು ತಿಂಗಳ ಲೆಕ್ಕ ಜೆರಾಕ್ಸ್ ಮಾಡಿ ನನಗೆ ಕಳಿಸಿ. ಯಾವ ಕಚೇರಿಗೆ, ಯಾರ ಹೆಸರಿಗೆ ಅರ್ಜಿ ಬರೆಯಬೇಕು ಅಂತ ನಾನೇ ಬರೆದುಕೊಡುತ್ತೇನೆ.