ಬಣ್ಣ ಅಳಿಸದೆ ಮನೆಗೆ ಬಂದ ಹುಡುಗ

ಮೇ ತಿಂಗಳಲ್ಲಿ ಆಪ್ತಸಲಹೆಗೆಂದು ನನ್ನ ಕೋಣೆಗೆ ಬರುವ ಮಕ್ಕಳಲ್ಲಿ ಬಹುಪಾಲು ಎಸ್ಸೆಸ್ಸೆಲ್ಸಿ ಅಂಕಗಳಿಂದ ನೊಂದವರು. ಅವರ ನಡುವೆ ಈಚಿನ ವರ್ಷಗಳಲ್ಲಿ ಮೂವರು ಬೇರೆಯದೇ ಕಾರಣಕ್ಕೆ ಬಂದರು. ಮೂವರೂ ಬೇಸಿಗೆಯ ರಂಗಶಿಬಿರ ಮುಗಿಸಿಕೊಂಡು ಬಂದವರು, ಮೂವರೂ ಅಲ್ಲಿ ಎಲ್ಲರಿಗಿಂತ ಚೆನ್ನಾಗಿ ಅಭಿನಯಿಸಿ ಹೆಸರು ಪಡೆದವರು. ಮೂರನೆಯವನು ಹೇಳಿದ ಒಂದು ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಅವನೂ ಅವನ ತಾಯಿಯೂ ಓದಿ ಒಪ್ಪಿದ ಮೇಲೆ, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಹುಡುಗನಿಗೆ 15 ವರ್ಷ. ಮನೆಯಲ್ಲಿ ತಾಯಿ, ಮಗ ಇಬ್ಬರೇ. ತಂದೆ 2021ರ ಮೇ ತಿಂಗಳಲ್ಲಿ, ಕೋವಿಡ್ ಎರಡನೆಯ ಅಲೆಯಲ್ಲಿ ತೀರಿಕೊಂಡರು. ಆಂಬುಲೆನ್ಸ್ ಹತ್ತಿ ಹೋದವರ ಮುಖವನ್ನು ಮನೆಯವರು ಮತ್ತೆ ನೋಡಲಿಲ್ಲ. ಪರೀಕ್ಷೆ ಮುಗಿದ ವಾರವೇ ಹುಡುಗ ಹಟ ಹಿಡಿದು 25 ದಿನಗಳ ವಸತಿ ಶಿಬಿರಕ್ಕೆ ಸೇರಿದ. ಬೆಳಿಗ್ಗೆ ವ್ಯಾಯಾಮ, ರಂಗಗೀತೆ, ಮಧ್ಯಾಹ್ನ ಮುಖವಾಡ ಮಾಡುವುದು, ಸಂಜೆ ತಾಲೀಮು, ರಾತ್ರಿ ಸಾಲಾಗಿ ಚಾಪೆ ಹಾಸಿ ಮಲಗುವುದು. ಮೊದಲ ವಾರ ಮನೆಗೆ ಫೋನ್ ಮಾಡಿದಾಗೆಲ್ಲ ಅವನ ದನಿಯಲ್ಲಿ ನಗು ಇತ್ತಂತೆ.

ಸಮಾರೋಪದ ನಾಟಕ ನೋಡಿ ಬಂದ ನಾಲ್ಕನೆಯ ದಿನಕ್ಕೆ ತಾಯಿ ಅವನನ್ನು ಕರೆದುಕೊಂಡು ಬಂದರು. ಮಗ ಸರಿಯಾಗಿ ಊಟ ಮಾಡುತ್ತಿಲ್ಲ, ರಾತ್ರಿ ಎರಡಾದರೂ ಮಲಗುವುದಿಲ್ಲ ಎಂದರು. ಆಮೇಲೆ ಅವನನ್ನು ಹೊರಗೆ ಕೂರಿಸಿ, ತಮ್ಮ ನಿಜವಾದ ಸಂಕಟ ಹೇಳಿಕೊಂಡರು. "ಮುನ್ನೂರು ಜನದ ಮುಂದೆ ಹೇಳಿದ ಮೇಡಂ. ನಾಲ್ಕು ವರ್ಷ ಒಂದೇ ಮನೇಲಿದ್ದು ನಂಗೊಬ್ಬಳಿಗೆ ಹೇಳ್ಲಿಲ್ಲ. ಇನ್ನು ನಾಟಕ ಗೀಟಕ ಎಲ್ಲ ಬಿಡಿಸಿಬಿಡ್ತೀನಿ."

ಮೊದಲೆರಡು ಭೇಟಿಗಳಲ್ಲಿ ಹುಡುಗ ಹೆಚ್ಚು ಮಾತಾಡಲಿಲ್ಲ. ನಾನು ಕೇಳಲೇಬೇಕಾದ್ದನ್ನು ಕೇಳಿದೆ. ಸಾಯಬೇಕು ಅನ್ನಿಸುತ್ತದೆಯೇ ಎಂದೂ ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂದು ತಾಯಂದಿರು ಹೆದರುತ್ತಾರೆ. ಹಾಗಾಗುವುದಿಲ್ಲ. ಯಾರಾದರೂ ಕೇಳಲಿ ಎಂದು ಕಾಯುತ್ತಿರುವ ಮಕ್ಕಳೇ ಹೆಚ್ಚು. ಇವನು ಇಲ್ಲ ಎಂದ, ಆ ಮಾತಿನಲ್ಲಿ ನನಗೆ ಅನುಮಾನ ಕಾಣಲಿಲ್ಲ. ಆದರೂ ನಡುರಾತ್ರಿ ತಡೆಯಲಾಗದೆ ಹೋದರೆ ಕರೆ ಮಾಡು ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಟ್ಟೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಮೂರನೆಯ ಸಲ ಬಂದಾಗ ಹೊರಗೆ ಮಳೆ ಹಿಡಿದಿತ್ತು. ಶಿಬಿರದ ಬಗ್ಗೆ ನಾನು ಏನೂ ಕೇಳಲಿಲ್ಲ, ಅವನೇ ಶುರು ಮಾಡಿದ.

ಏಳನೆಯ ದಿನ ಎಲ್ಲರನ್ನೂ ವೃತ್ತದಲ್ಲಿ ಕೂರಿಸಿ, ದೀಪ ಆರಿಸಿ, ಕಣ್ಣು ಮುಚ್ಚಿಕೊಳ್ಳಲು ಹೇಳಿದರಂತೆ. ನಿಮ್ಮ ಬದುಕಿನ ಅತ್ಯಂತ ದುಃಖದ ಗಳಿಗೆಗೆ ಹೋಗಿ, ಅಲ್ಲಿ ಏನು ಕಾಣುತ್ತಿದೆ ಹೇಳಿ ಎಂದರಂತೆ. ಇವನು ಹೋದ. ಅಪ್ಪ ಗೇಟಿನ ಹತ್ತಿರ ನಿಂತಿದ್ದಾರೆ. ಮಾಸ್ಕ್ ಹಾಕಿದ್ದಾರೆ, ಕೈಯಲ್ಲೊಂದು ಬಟ್ಟೆಯ ಚೀಲ. ಆಂಬುಲೆನ್ಸಿನ ಬಾಗಿಲು ತೆರೆದಿದೆ. ಹಿಂದಿನ ರಾತ್ರಿ ಗೇಮ್ ಆಡುತ್ತಿದ್ದಾನೆಂದು ಮೊಬೈಲ್ ಕಿತ್ತುಕೊಂಡಿದ್ದರು, ಆ ಸಿಟ್ಟಿಗೆ ಇವನು ಒಳಗೇ ಕೂತಿದ್ದಾನೆ. ಅಪ್ಪ ಅಲ್ಲಿಂದಲೇ ಕೂಗುತ್ತಾರೆ, "ಬರ್ತೀನಿ ಕಣೋ."

ಹೋಗುವವರು ನಮ್ಮಲ್ಲಿ ಹೋಗುತ್ತೇನೆ ಎನ್ನುವುದಿಲ್ಲ, ಬರ್ತೀನಿ ಎನ್ನುತ್ತಾರೆ. ಅದಕ್ಕೆ ಒಳಗಿನವರು ಹೂಂ ಎನ್ನಬೇಕು. ಇವನು ಅನ್ನಲಿಲ್ಲ.

ವೃತ್ತದಲ್ಲಿ ಇದನ್ನು ಹೇಳುತ್ತ ಬಿಕ್ಕಿಬಿಕ್ಕಿ ಅತ್ತ. ಮೂವತ್ತು ಮಕ್ಕಳೂ ಅತ್ತರು. ಯಾರೋ ತಬ್ಬಿಕೊಂಡರು. ದೀಪ ಹತ್ತಿಸಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ಕಲಿಸುತ್ತಿದ್ದ ಅಣ್ಣ (ಶಿಬಿರಗಳಲ್ಲಿ ಮಕ್ಕಳು ಮೇಷ್ಟರನ್ನು ಅಣ್ಣ, ಅಕ್ಕ ಎಂದೇ ಕರೆಯುತ್ತಾರೆ) ಭುಜ ಹಿಡಿದು, ಇಷ್ಟು ಸತ್ಯವಾದ ಅಭಿನಯವನ್ನು ದೊಡ್ಡ ನಟರಲ್ಲೂ ಕಂಡಿಲ್ಲ ಎಂದರು. ಸಮಾರೋಪದ ನಾಟಕದಲ್ಲಿ ಅದೇ ಒಂದು ದೃಶ್ಯವಾಯಿತು. ಮರುದಿನದಿಂದ ತಾಲೀಮು.

"ಮೊದ್ಲು ಎರಡು ದಿನ ತಾನಾಗೇ ಅಳು ಬರ್ತಿತ್ತು ಮೇಡಂ. ಆಮೇಲೆ ಬರ್ತಿರ್ಲಿಲ್ಲ. ಅಪ್ಪನ್ನ ನೆನೆಸ್ಕೋ, ಗೇಟ್ ನೆನೆಸ್ಕೋ ಅಂತ ಅಣ್ಣ ಹೇಳ್ತಿದ್ರು. ನೆನೆಸ್ಕೊಂಡ್ರೆ ಬರ್ತಿತ್ತು. ಆಮೇಲೆ ಅದಕ್ಕೂ ಬರ್ಲಿಲ್ಲ. ಆಗ ಆಂಬುಲೆನ್ಸ್ ಶಬ್ದ ನೆನೆಸ್ಕೊಂಡೆ. ಆಮೇಲೆ ಅಪ್ಪನ ಚೀಲ. ಒಂದೊಂದೇ ತೆಗೆದು ತೆಗೆದು ಉಪಯೋಗಿಸ್ದೆ. ಕೊನೆ ದಿನ ಚೆನ್ನಾಗೇ ಅತ್ತೆ. ಆದ್ರೆ ಈಗ ಮನೇಲಿ ಕಣ್ಣು ಮುಚ್ಚಿದ್ರೆ ಅಪ್ಪ ಕಾಣಲ್ಲ. ಸ್ಟೇಜ್ ಕಾಣುತ್ತೆ, ಅಪ್ಪನ ಪಾರ್ಟ್ ಮಾಡಿದ ಹುಡುಗ ಕಾಣ್ತಾನೆ. ಅಪ್ಪನ್ನ ಖರ್ಚು ಮಾಡಿಬಿಟ್ಟೆ ಮೇಡಂ ನಾನು."

ನನಗೆ ಮಾತು ಹೊರಡಲಿಲ್ಲ. ಸುಮಾರು ಹೊತ್ತು ಇಬ್ಬರೂ ಮಳೆಯನ್ನು ಕೇಳುತ್ತ ಕೂತೆವು. ಇಪ್ಪತ್ತು ವರ್ಷ ಈ ಕೆಲಸ ಮಾಡಿದವಳಿಗೆ ಸಮಾಧಾನದ ಮಾತುಗಳಿಗೆ ಬರವಿಲ್ಲ. ಆದರೆ ಆ ಹೊತ್ತಿನಲ್ಲಿ ಆಡುವ ಯಾವ ಮಾತೂ ಅವನ ಮಾತಿಗಿಂತ ಹಗುರವಾಗುತ್ತಿತ್ತು.

ಆಮೇಲೆ ಒಂದೇ ಪ್ರಶ್ನೆ ಕೇಳಿದೆ. "ನಿಮ್ಮಪ್ಪ ಅವಲಕ್ಕಿ ಹೇಗೆ ತಿನ್ನುತ್ತಿದ್ದರು?"

ತಲೆ ಎತ್ತಿ ನೋಡಿದ. ತುಸು ಯೋಚಿಸಿ, ಮೊಸರು ಹಾಕಿ, ಉಪ್ಪಿನಕಾಯಿ ಪಕ್ಕಕ್ಕಿಟ್ಟುಕೊಂಡು ಎಂದ. ಕೊನೆಗೆ ತಟ್ಟೆಗೆ ಸ್ವಲ್ಪ ನೀರು ಹಾಕಿ ಅದನ್ನೂ ಕುಡಿಯುತ್ತಿದ್ದರು, ಅಮ್ಮ ಬೈಯುತ್ತಿದ್ದರು ಎಂದ. ಅದನ್ನು ಹೇಳುವಾಗ ಅವನು ಅಳಲಿಲ್ಲ. ಆದರೆ ಅವನ ಮುಖದ ಮೇಲೆ ಮೊದಲ ಸಲ ಅಪ್ಪ ಹಾದುಹೋದದ್ದನ್ನು ನಾನು ಕಂಡೆ.

ನಾನು ಕೊಟ್ಟ ಸಲಹೆಯೆಲ್ಲ ಆ ಅವಲಕ್ಕಿಯಿಂದಲೇ ಬಂದದ್ದು. ದಿನಕ್ಕೊಂದು, ರಾತ್ರಿ ಊಟದ ಹೊತ್ತಿಗೆ, ತಾಯಿ ಒಂದು ಮಗ ಒಂದು, ಅಪ್ಪನ ಬಗ್ಗೆ ಸಾದಾ ಸಂಗತಿ ಹೇಳಿಕೊಳ್ಳುವುದು. ಬೈಕ್ ಹೇಗೆ ನಿಲ್ಲಿಸುತ್ತಿದ್ದರು, ಯಾವ ಬೈಗುಳ ಬೈಯುತ್ತಿದ್ದರು, ಇಂಥವು. ಗೇಟಿನ ಬೆಳಗು ತಾನಾಗಿ ಬಂದರೆ ಬರಲಿ, ಅದನ್ನು ಕರೆಯುವುದು ಬೇಡ. ಅಳು ಬಂದರೆ ಅಳಬಹುದು, ಬರದಿದ್ದರೆ ತರಿಸುವುದು ಬೇಡ. ನನಗೇಕೆ ಹೇಳಲಿಲ್ಲ ಎಂಬ ಪ್ರಶ್ನೆಯನ್ನು ಮೂರು ತಿಂಗಳು ಕೇಳಬೇಡಿ ಎಂದು ತಾಯಿಗೆ ಹೇಳಿದೆ. ಅವರಿಗೆ ಅದು ಕಷ್ಟವಾಯಿತು. ಅಮ್ಮನಿಗೆ ಹೇಳಿದರೆ ಅಮ್ಮ ಕುಸಿಯುತ್ತಾಳೆ ಎಂದು ಮಗ ನಾಲ್ಕು ವರ್ಷ ಬಾಯಿ ಕಟ್ಟಿಕೊಂಡಿದ್ದ. ಅದನ್ನು ಅವನೇ ಹೇಳುವ ತನಕ ಕಾಯಿರಿ ಎಂದೆ.

ಅತ್ತರೆ ಹಗುರಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ಅರ್ಧ ನಿಜ. ಯಾರ ಮುಂದೆ, ಯಾರ ಇಚ್ಛೆಯಿಂದ, ಆಮೇಲೆ ಜೊತೆಗೆ ಯಾರು ಇರುತ್ತಾರೆ ಎಂಬುದರ ಮೇಲೆ ಉಳಿದರ್ಧ ನಿಂತಿದೆ. ಆಘಾತಕ್ಕೆ ಒಳಗಾದವರನ್ನು ಕೂರಿಸಿ ಒಂದೇ ಸಲಕ್ಕೆ ಎಲ್ಲವನ್ನೂ ಹೊರಹಾಕಿಸುವ ಪದ್ಧತಿ ನಮ್ಮ ವೃತ್ತಿಯಲ್ಲೇ ಒಂದು ಕಾಲಕ್ಕೆ ಜೋರಾಗಿತ್ತು. ಅದರಿಂದ ಮುಂದಿನ ತೊಂದರೆ ತಪ್ಪುತ್ತದೆ ಎನ್ನಲು ಆಧಾರವಿಲ್ಲ, ಕಡ್ಡಾಯವಾಗಿ ಮಾಡಿಸುವುದನ್ನು ನಿಲ್ಲಿಸಿ ಎಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2002ರ ಸಮೀಕ್ಷೆ ಹೇಳಿತು. ತರಬೇತಿ ಪಡೆದ ನಮ್ಮಂಥವರೇ ತಿದ್ದಿಕೊಳ್ಳಬೇಕಾಯಿತು ಅಂದಮೇಲೆ, ಕತ್ತಲ ವೃತ್ತದಲ್ಲಿ ಮೂವತ್ತು ಮಕ್ಕಳಿಂದ ಇದನ್ನು ಮಾಡಿಸುವವರು ಎಷ್ಟು ಎಚ್ಚರವಾಗಿರಬೇಕು!

ರಂಗದವರಿಗೂ ಇದು ಹೊಸದೇನಲ್ಲ. ನಟ ತನ್ನದೇ ನೆನಪಿನಿಂದ ಭಾವ ತೆಗೆಯುವ ಕ್ರಮವನ್ನು ರಷ್ಯಾದ ರಂಗನಿರ್ದೇಶಕ ಸ್ತಾನಿಸ್ಲಾವ್‌ಸ್ಕಿ ಬೆಳೆಸಿದರು. ಕೊನೆಯ ವರ್ಷಗಳಲ್ಲಿ ಅವರೇ ಅದರ ಮೇಲಿನ ಒತ್ತು ತಗ್ಗಿಸಿ, ಪಾತ್ರ ಏನು ಮಾಡುತ್ತದೆ ಎಂಬ ಕ್ರಿಯೆಯ ಕಡೆ ಹೊರಳಿದರು. ನಮ್ಮ ನಾಟ್ಯಶಾಸ್ತ್ರವೂ ಕಣ್ಣೀರನ್ನು ಎಂಟು ಸಾತ್ವಿಕ ಭಾವಗಳಲ್ಲಿ (ಮನಸ್ಸಿನ ಭಾವ ಮೈಯಲ್ಲಿ ತೋರುವ ಬಗೆಗಳಲ್ಲಿ) ಒಂದಾಗಿ ಎಣಿಸಿದೆ. ಅಲ್ಲಿ ಪಾತ್ರದ ದುಃಖ ನೋಡುವವರಲ್ಲಿ ಕರುಣರಸವಾಗಬೇಕು. ನಟನ ಮನೆಯ ಸಾವನ್ನು ತಂದು ಸುರಿಯಬೇಕೆಂದು ಅಲ್ಲಿಲ್ಲ.

ನಾನು ಕರಾವಳಿಯವಳು. ನನ್ನ ಸೋದರಮಾವ ಯಕ್ಷಗಾನ ಮೇಳದಲ್ಲಿದ್ದರು. ಬೆಳಗಿನ ಜಾವ ಮಂಗಳ ಹಾಡಿದ ಮೇಲೆ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ ಕೂತು ಮುಖಕ್ಕೆ ತೆಂಗಿನೆಣ್ಣೆ ಬಳಿದು, ಹಳೆಯ ಬಟ್ಟೆಯಿಂದ ನಿಧಾನವಾಗಿ ಬಣ್ಣ ತೆಗೆಯುತ್ತಿದ್ದರು. ಅದು ಮುಗಿಯುವ ತನಕ ನಾವು ಮಕ್ಕಳು ಮಾವ ಎಂದು ಕರೆಯುವಂತಿರಲಿಲ್ಲ. ಮೇ ಕೊನೆಯ ವಾರ ಬರುವ ಪತ್ತನಾಜೆ ಎಂಬ ದಿನ ಗೆಜ್ಜೆ ಬಿಚ್ಚಿದರೆ ಮೇಳದ ಆ ವರ್ಷದ ತಿರುಗಾಟವೂ ಮುಗಿಯಿತು. ಕಟ್ಟಿದ್ದನ್ನು ಬಿಚ್ಚುವುದಕ್ಕೆ, ಹಚ್ಚಿದ್ದನ್ನು ಒರೆಸುವುದಕ್ಕೆ ಹಿರಿಯರು ಸಮಯ ಇಟ್ಟಿದ್ದರು. ಈ ಹುಡುಗ 25ನೆಯ ದಿನ ರಾತ್ರಿ ಹನ್ನೊಂದಕ್ಕೆ ಪ್ರಮಾಣಪತ್ರ ಹಿಡಿದು ತಾಯಿಯ ಜೊತೆ ಬಸ್ ಹತ್ತಿದ. ಅವನ ಬಣ್ಣ ತೆಗೆಯುವವರು ಯಾರೂ ಇರಲಿಲ್ಲ.

ಅಷ್ಟರಲ್ಲಿ ಇನ್ನೊಂದು ಸಮಸ್ಯೆ ಬಂತು. ಜೂನ್ ಮೂರನೆಯ ವಾರ ಆ ನಾಟಕದ ಮರುಪ್ರದರ್ಶನ. ಕಳಿಸುವುದೇ ಇಲ್ಲ ಎಂದು ತಾಯಿ. ನಾನು ಹೋಗದಿದ್ದರೆ ಎಲ್ಲರ ನಾಟಕ ಹಾಳಾಗುತ್ತದೆ ಎಂದು ಮಗ. ಹೋಗಲಿ ಎಂದೆ ನಾನು. ಪಾತ್ರ ಅವನದೇ ಇರಲಿ, ಆದರೆ ಆ ದೃಶ್ಯದಿಂದ ಅವನ ಅಪ್ಪ ಹೊರಗೆ ಬರಬೇಕು ಎಂದೆ.

ಈ ಸಲಹೆಗೆ ನನ್ನ ಜೊತೆಗಾರರಿಂದಲೇ ಆಕ್ಷೇಪ ಬಂತು. ಗಾಯ ಹಸಿಯಾಗಿರುವಾಗ ಅದೇ ವೇದಿಕೆಗೆ ಕಳಿಸಬಾರದಿತ್ತು ಎಂದರು. ಅವರ ಮಾತನ್ನು ನಾನು ತಳ್ಳಿಹಾಕಲಿಲ್ಲ, ಎರಡು ರಾತ್ರಿ ಅದನ್ನೇ ಯೋಚಿಸಿದೆ. ನಾಟಕ ಬಿಡಿಸಿದ್ದರೆ, ಅಪ್ಪನ ವಿಷಯ ಬಾಯಿಬಿಟ್ಟದ್ದಕ್ಕೆ ಶಿಕ್ಷೆ ಸಿಕ್ಕಿತು ಎಂದು ಹುಡುಗ ತಿಳಿಯುತ್ತಿದ್ದ. ನಾಲ್ಕು ವರ್ಷದಲ್ಲಿ ಮೊದಲ ಸಲ ಅವನು ಆ ಬಾಗಿಲು ತೆರೆದದ್ದು ಶಿಬಿರದಲ್ಲಿ, ಅದು ಸಣ್ಣದಲ್ಲ. ಹೆಗ್ಗೋಡಿನಂಥ ಹಳ್ಳಿಯಲ್ಲಿ 1949ರಲ್ಲೇ ನೀನಾಸಮ್ ಎಂಬ ರಂಗಸಂಸ್ಥೆ ಕಟ್ಟಿಕೊಂಡ ನಾಡು ನಮ್ಮದು. ಮೈಸೂರಿನ ರಂಗಾಯಣದ ಮಕ್ಕಳ ಬೇಸಿಗೆ ಶಿಬಿರವಾದ ಚಿಣ್ಣರ ಮೇಳಕ್ಕೆ ಹೋಗಿಬಂದ ಮೇಲೆ ಮೊದಲ ಸಲ ತಲೆ ಎತ್ತಿ ಮಾತಾಡಿದ ಮಕ್ಕಳನ್ನು ನಾನೇ ಕಂಡಿದ್ದೇನೆ. ಆ ಭಾಗ್ಯವನ್ನು ಒಬ್ಬರ ಅವಸರದ ಕಾರಣಕ್ಕೆ ಈ ಹುಡುಗನಿಂದ ಕಿತ್ತುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಹುಡುಗನ ಒಪ್ಪಿಗೆ ಪಡೆದು ಶಿಬಿರದ ಆ ಅಣ್ಣನಿಗೆ, ಅಂದರೆ ನಾಟಕದ ನಿರ್ದೇಶಕರಿಗೆ ಫೋನ್ ಮಾಡಿದೆ. ಮೊದಲಿಗೆ ಅವರಿಗೆ ನೋವಾಯಿತು. ರಂಗಭೂಮಿ ಮಕ್ಕಳ ಗಂಟು ಬಿಚ್ಚುತ್ತದೆ ಮೇಡಂ, ನಾನೂ ಹೀಗೇ ಕಲಿತವನು ಎಂದರು. ಅವರು ಕೆಟ್ಟವರಲ್ಲ, ಮಕ್ಕಳ ಮೇಲೆ ಪ್ರೀತಿ ಇದ್ದವರು. ಬಿಚ್ಚಿದ ಗಂಟನ್ನು ಹಾಗೇ ಹರವಿ ಬಿಟ್ಟು ಮನೆಗೆ ಕಳಿಸಬಹುದೇ ಎಂದು ಕೇಳಿದೆ. ಹುಡುಗ ಹೇಳಿದ ಖರ್ಚಿನ ಮಾತನ್ನು, ಅವನು ಹೇಳಬಹುದು ಎಂದಿದ್ದರಿಂದ, ಹಾಗೇ ಹೇಳಿದೆ. ಆ ಕಡೆಯಿಂದ ಬಹಳ ಹೊತ್ತು ಸದ್ದಿಲ್ಲ. ಆಮೇಲೆ, "ದೃಶ್ಯ ಬದಲಾಯಿಸ್ತೀನಿ, ಅವನನ್ನು ಕಳಿಸಿ" ಎಂದರು.

ಮಕ್ಕಳೇ ಕೂತು ಹೊಸ ದೃಶ್ಯ ಕಟ್ಟಿದರು. ಅದರಲ್ಲಿ ಯಾರೂ ಸಾಯುವುದಿಲ್ಲ. ಮಳೆಯಲ್ಲಿ ನೆನೆದು ಬಂದ ಹುಡುಗ ಯಾರದೋ ದೊಡ್ಡ ಕೊಡೆಯನ್ನು ಒದರಿ, ಬಿಡಿಸಿ, ಜಗಲಿಯಲ್ಲಿ ಒಣಗಲು ಇಟ್ಟು ಒಳಗೆ ಹೋಗುತ್ತಾನೆ. ಯಾರ ಕೊಡೆ ಎಂದು ನಾಟಕ ಹೇಳುವುದಿಲ್ಲ. ಪ್ರತಿ ತಾಲೀಮಿನ ಕೊನೆಗೆ ಎಲ್ಲರೂ ಕೈ ಕಾಲು ತೊಳೆದು, ತಮ್ಮ ತಮ್ಮ ಹೆಸರು ಕರೆದುಕೊಂಡು, ಒಂದು ಹಾಡು ಹೇಳಿ ಏಳಬೇಕೆಂಬ ನಿಯಮವನ್ನು ನಿರ್ದೇಶಕರೇ ಮಾಡಿದರಂತೆ.

ಪ್ರದರ್ಶನದ ಮರುವಾರ ತಾಯಿ, ಮಗ ಇಬ್ಬರೂ ಬಂದರು. ಹುಡುಗ ಕೂರುತ್ತಲೇ, "ಈ ಸಲ ಚಪ್ಪಾಳೆ ಕಮ್ಮಿ ಬಿತ್ತು ಮೇಡಂ" ಎಂದ. ದನಿಯಲ್ಲಿ ಬೇಸರ ಇತ್ತು. ಹೌದು, ಕಮ್ಮಿ ಬಿದ್ದಿರುತ್ತದೆ ಎಂದೆ, ಸುಳ್ಳು ಹೇಳಲು ಹೋಗಲಿಲ್ಲ. ಆಗ ತಾಯಿ, ಆ ಕೊಡೆ ಒದರಿದ್ದು ಮಾತ್ರ ಸರಿ ಇರಲಿಲ್ಲ ಎಂದರು. ನಿಮ್ಮಪ್ಪ ಯಾವತ್ತೂ ಕೊಡೆ ಒದರಿದವರಲ್ಲ, ನೀರು ಸೋರುವ ಕೊಡೆಯನ್ನು ಹಾಗೇ ಹಿಡಿದು ನಡುಮನೆಗೇ ತರುತ್ತಿದ್ದರು ಎಂದರು. ಇಲ್ಲಮ್ಮ, ಒದರುತ್ತಿದ್ದರು, ನನ್ನ ಮೇಲೆ ನೀರು ಹಾರಿಸುತ್ತಿದ್ದರು, ನಿನಗೆ ನೆನಪಿಲ್ಲ ಎಂದ ಮಗ. ಇಬ್ಬರೂ ನನ್ನನ್ನು ಮರೆತು ಅದನ್ನೇ ವಾದಿಸತೊಡಗಿದರು.