12ಕ್ಕ 9 ಕೂಡಿಸಿದ್ರ 21 ಯಾಕ ಆಗಂಗಿಲ್ಲ? ಮೊಮೆಂಟಮ್ ಕೂಡಿಸೂ ಲೆಕ್ಕ

ಪ್ರಶ್ನೆ: ನಮಸ್ಕಾರ್ರಿ ಸರ್, ನಾ ಜಮಖಂಡಿಯಿಂದ್ರಿ, ಫಸ್ಟ್ ಪಿಯುಸಿ ಸೈನ್ಸ್. 2 ಕೆಜಿ ವಸ್ತು ಪೂರ್ವಕ್ಕ ಸೆಕೆಂಡಿಗೆ 6 ಮೀಟರ್ ಹೊಂಟೈತಿ, 3 ಕೆಜಿದು ಉತ್ತರಕ್ಕ ಸೆಕೆಂಡಿಗೆ 3 ಮೀಟರ್ ಹೊಂಟೈತಿ, ಒಟ್ಟು ಮೊಮೆಂಟಮ್ ಎಷ್ಟು ಅಂತ ಕೇಳ್ಯಾರ್ರಿ. ನಾ 12 ಮತ್ತ 9 ಕೂಡಿಸಿ 21 ಬರದೆ, ಉತ್ತರ 15 ಅಂತೈತಿ. ಉಳದ 6 ಎಲ್ಲಿ ಹೋತ್ರಿ? ಇನ್ನೊಂದ್ರಿ, ಎರಡು ವಸ್ತು ಓಡಾಕತ್ತಿದ್ರೂ ಒಟ್ಟು ಮೊಮೆಂಟಮ್ ಸೊನ್ನೆ ಇರಬಹುದು ಅಂತಾರ, ಅದು ಹೆಂಗ್ರಿ?

ಉತ್ತರ: ತಮ್ಮಾ, 6 ಎಲ್ಲೂ ಹೋಗಿಲ್ಲ, 21 ಅನ್ನೂದು ಮೊದಲಿಂದನೂ ಅಲ್ಲಿ ಇರಲೇ ಇಲ್ಲ. ಮೊಮೆಂಟಮ್ ಅಂದ್ರ ತೂಕ ಗುಣಿಸು ವೇಗ, ಆ ನಿನ್ನ ಗುಣಾಕಾರ ಸರಿ ಅದ, 2 ಗುಣಿಸು 6 ಅಂದ್ರ 12, 3 ಗುಣಿಸು 3 ಅಂದ್ರ 9, ಆದ್ರ ಕೂಡಿಸೂ ಮುಂದ ದಿಕ್ಕು ಕೈಬಿಟ್ಟಿ. ಆ ವಸ್ತುವಿನ ಮೊಮೆಂಟಮ್ "12" ಅಲ್ಲ, "ಪೂರ್ವಕ್ಕ 12". ದಿಕ್ಕು ತಗದ್ರ ಉಳಿಯೂದು ಬರೇ ಅದರ ಅಳತಿ. ಹೊಲದಾಗ ಬದುವಿನ ಮ್ಯಾಲ ಪೂರ್ವಕ್ಕ 12 ಹೆಜ್ಜಿ ನಡದು ಅಲ್ಲಿಂದ ಉತ್ತರಕ್ಕ 9 ಹೆಜ್ಜಿ ಹೋದಿ ಅಂದ್ರ ಕಾಲು 21 ಹೆಜ್ಜಿ ಸವಿಸಿರ್ತಾವ ಖರೆ, ಆದ್ರ ಹೊಂಟ ಜಾಗದಿಂದ ಸೀದಾ ಅಳದ್ರ ನೀ 15 ಹೆಜ್ಜಿ ದೂರ ಇರ್ತಿ. ವೆಕ್ಟರ್ (ಅಳತಿ ಜೊತಿ ದಿಕ್ಕೂ ಇರೂದು) ಕೂಡಿಸೂದು ಅಂದ್ರ ಈ ಸೀದಾ ಅಳತಿ ಹುಡುಕೂದು: 144ಕ್ಕ 81 ಕೂಡಿಸಿದ್ರ 225, ಅದರ ವರ್ಗಮೂಲ 15. ಇಷ್ಟಕ್ಕ ನಿಂದ್ರಬ್ಯಾಡ, ದಿಕ್ಕೂ ಬರಿಬೇಕು. 9 ಭಾಗಿಸು 12 ಅಂದ್ರ 0.75, ಟ್ಯಾನ್ 0.75 ಇರೂ ಕೋನ ಸುಮಾರು 37 ಡಿಗ್ರಿ, ಅಂದ್ರ ಪೂರ್ವದಿಂದ ಉತ್ತರದ ಕಡೆ 37 ಡಿಗ್ರಿ ವಾಲಿ 15 ಕೆಜಿ ಮೀಟರ್ ಪರ್ ಸೆಕೆಂಡ್. ಇದು ಪೂರಾ ಉತ್ತರ.

ಭಾಳ ಹುಡುಗರು ಇಲ್ಲಿ ಇನ್ನೊಂದು ದಾರಿ ಹಿಡಿತಾರ, ಅದನ್ನೂ ಹೇಳಿಬಿಡ್ತೀನಿ. ಮೊದಲ ಎರಡೂ ವೇಗ ವೆಕ್ಟರ್ ಪದ್ಧತಿಲೆ ಕೂಡಿಸಿ (6 ಮತ್ತ 3, ಸುಮಾರು 6.7 ಬರ್ತದ) ಆಮ್ಯಾಲ ಒಟ್ಟು 5 ಕೆಜಿಲೆ ಗುಣಿಸಿಬಿಡ್ತಾರ, ಬರ್ತದ 33 ಮ್ಯಾಲ ಚಿಲ್ಲರ, ಇದು 21ಕ್ಕಿಂತಾನೂ ದೂರ ಹೋತು. ಆ 6ರ ವೇಗ ಬರೇ 2 ಕೆಜಿದು, ಅದನ್ನ 5 ಕೆಜಿಗೂ ಹಚ್ಚಲಿಕ್ಕೆ ಬರಂಗಿಲ್ಲ. ಪ್ರತಿಯೊಂದು ವಸ್ತುವಿಂದು ಅದರದೇ ತೂಕ ಅದರದೇ ವೇಗ ಗುಣಿಸಿ ಮೊಮೆಂಟಮ್ ಮಾಡ್ಕೊ, ಕೂಡಿಸೂದು ಆಮ್ಯಾಲ. ಈಗ ಆ ಎರಡೂ ಢಿಕ್ಕಿ ಹೊಡದು ಅಂಟಿಕೊಂಡವು ಅಂತ ಹಿಡಿ, ಹೊರಗಿಂದ ಯಾವ ಬಲಾನೂ ಇಲ್ಲ ಅಂದ್ರ ಒಟ್ಟು ಮೊಮೆಂಟಮ್ ಅದೇ 15 ಇರ್ತದ, 5 ಕೆಜಿಲೆ ಭಾಗಿಸಿದ್ರ ಸೆಕೆಂಡಿಗೆ 3 ಮೀಟರ್, ಅದೇ 37 ಡಿಗ್ರಿ ದಿಕ್ಕಿಗೆ.

ಕೋನ 90 ಇರಲಿಲ್ಲ ಅಂದ್ರ ಪೈಥಾಗೊರಸ್ ಸೀದಾ ಹಚ್ಚಬ್ಯಾಡ, ಪರೀಕ್ಷಾದಾಗ ಮಾರ್ಕ್ಸ್ ಹೋಗೂದು ಇಲ್ಲೇ. ಆ 9 ಉತ್ತರಕ್ಕ ಅಲ್ಲ, ಪೂರ್ವದಿಂದ ಉತ್ತರದ ಕಡೆ 60 ಡಿಗ್ರಿ ವಾಲಿ ಹೊಂಟದ ಅನ್ನು. ಅದನ್ನ ಒಡದು ಎರಡು ತುಂಡು ಮಾಡು: ಪೂರ್ವಕ್ಕ 9 ಕಾಸ್ 60 ಅಂದ್ರ 4.5, ಉತ್ತರಕ್ಕ 9 ಸೈನ್ 60 ಅಂದ್ರ 7.8. ಪೂರ್ವದ್ದು ಪೂರ್ವದ್ದಕ್ಕ ಕೂಡಿಸಿದ್ರ 16.5, ಉತ್ತರಕ್ಕ 7.8 ಒಂದೇ, ಈಗ ಎರಡರ ನಡುವ 90 ಡಿಗ್ರಿ ಅದ, ಈಗ ಪೈಥಾಗೊರಸ್ ಹಚ್ಚು, 18.2 ಬರ್ತದ. ಮೂರು ವಸ್ತು ಇರಲಿ ಹತ್ತು ಇರಲಿ, ಇದೇ ಪದ್ಧತಿ.

ದಿಕ್ಕು ಬಿಟ್ಟೆ ಅಂತ ಮನಸ್ಸಿಗೆ ಹಚ್ಕೋಬ್ಯಾಡ. ಫ್ರಾನ್ಸಿನ ಡೇಕಾರ್ಟ್ 1644ರಾಗ ಗಾತ್ರ ಗುಣಿಸು ವೇಗ ಎಲ್ಲಾ ಕೂಡಿಸಿದ್ರ ಜಗತ್ತಿನಾಗ ಅದರ ಮೊತ್ತ ಬದಲಾಗಂಗಿಲ್ಲ ಅಂತ ಬರದಿದ್ದ, ಆದ್ರ ಕೂಡಿಸೂ ಮುಂದ ದಿಕ್ಕು ಲೆಕ್ಕಕ್ಕ ಹಿಡೀಲಿಲ್ಲ, ಹಿಂಗಾಗಿ ಢಿಕ್ಕಿ ಬಗ್ಗೆ ಅಂವ ಕೊಟ್ಟ ನಿಯಮ ಬಹುತೇಕ ತಪ್ಪಾದವು. ಎದುರು ದಿಕ್ಕಿಂದು ಕಳೀಬೇಕು, ಆಗ ಮಾತ್ರ ಮೊತ್ತ ಉಳೀತದ ಅಂತ 1669ರಾಗ ಸ್ಪಷ್ಟ ಮಾಡಿದಂವ ಹಾಲೆಂಡಿನ ಹೈಗೆನ್ಸ್. ದೊಡ್ಡ ಗಣಿತಜ್ಞನ ಮಾತು ತಿದ್ದಲಿಕ್ಕೆ 25 ವರ್ಷ ಹಿಡೀತು ಅಂದ್ರ ಇದು ಸಣ್ಣ ವಿಷಯ ಅಲ್ಲ.

ನಿನ್ನ ಎರಡನೇ ಪ್ರಶ್ನೆಗೂ ಉತ್ತರ ಇಲ್ಲೇ ಅದ. 2 ಕೆಜಿ ಪೂರ್ವಕ್ಕ 6, 3 ಕೆಜಿ ಪಶ್ಚಿಮಕ್ಕ 4 ಹೊಂಟ್ರ ಪೂರ್ವಕ್ಕ 12, ಪಶ್ಚಿಮಕ್ಕ 12, ಒಟ್ಟು ಸೊನ್ನೆ. ಯಾವುದೂ ನಿಂತಿಲ್ಲ, ಎರಡೂ ಜೋರಾಗೇ ಓಡ್ಲಿಕತ್ತಾವ, ಸೊನ್ನೆ ಅಂದ್ರ ಎರಡನ್ನೂ ಸೇರಿಸಿ ನೋಡಿದ್ರ ಯಾವ ಕಡೆನೂ ಹೆಚ್ಚಿಗಿ ಇಲ್ಲ ಅಂತ ಅಷ್ಟ. ಅಂಟಿಕೊಂಡ್ರ ಅಲ್ಲೇ ನಿಂತುಬಿಡ್ತಾವ. ಓಟದ ಎನರ್ಜಿ (ಅರ್ಧ ಗುಣಿಸು ತೂಕ ಗುಣಿಸು ವೇಗದ ವರ್ಗ) ಮಾತ್ರ ಸೊನ್ನೆ ಇರಲಿಲ್ಲ ನೋಡು, 36 ಜೌಲ್ ಮತ್ತ 24 ಜೌಲ್, ಅದಕ್ಕ ದಿಕ್ಕಿಲ್ಲ, ಹಿಂಗಾಗಿ ಸೀದಾ ಕೂಡಿಸಿ 60. ನಿಂತ ಮ್ಯಾಲ ಆ 60 ಜೌಲ್ ಬಿಸಿ ಆಗಿ, ಸಪ್ಪಳ ಆಗಿ, ವಸ್ತು ಜಜ್ಜಿ ಹೋಗೂದ್ರಾಗ ಹೋಗ್ತದ.

ಇದನ್ನ ಕಣ್ಣಿಲೆ ನೋಡಬೇಕಂದ್ರ ಕ್ಯಾರಂ ಬೋರ್ಡ್ ಸಾಕು. ಸ್ಟ್ರೈಕರ್ ಸುಮಾರು 15 ಗ್ರಾಂ, ಕಾಯಿನ್ 5 ಗ್ರಾಂ ಮ್ಯಾಲ ಸ್ವಲ್ಪ. ಕಾಯಿನ್ನಿನ ಅಂಚಿಗೆ ತಾಗೂಹಂಗ ಹೊಡಿ: ಕಾಯಿನ್ ಎಡಕ್ಕ ಸಿಡೀತು ಅಂದ್ರ ಸ್ಟ್ರೈಕರ್ ಬಲಕ್ಕ ವಾಲೇ ವಾಲ್ತದ, ಯಾಕಂದ್ರ ಹೊಡಿಯೂಕಿಂತ ಮೊದಲು ಅಡ್ಡಕ್ಕ ಮೊಮೆಂಟಮ್ ಏನೂ ಇರಲಿಲ್ಲ, ತಾಗಿದ ಕೂಡಲೆ ನೋಡಿದ್ರೂ ಅಡ್ಡಕ್ಕ ಮೊತ್ತ ಸೊನ್ನೇನ ಇರಬೇಕು. ಸ್ಟ್ರೈಕರ್ ತೂಕ ಸುಮಾರು ಮೂರು ಪಟ್ಟು ಇರೂದಕ್ಕ ಅದರ ಅಡ್ಡ ವೇಗ ಕಾಯಿನ್ನಿನ ಅಡ್ಡ ವೇಗದ ಮೂರರಾಗ ಒಂದು ಪಾಲು. ಮೊಬೈಲ್ ಮ್ಯಾಲಿಂದ ಹಿಡಿದು ಸ್ಲೋ ಮೋಷನ್ ವಿಡಿಯೋ ತಗೊ, ತಾಗಿದ ಮ್ಯಾಲ ಬರೂ ಮೊದಲ ನಾಕೈದು ಫ್ರೇಮ್ ಅಷ್ಟ ಅಳಿ, ಮುಂದ ಹೋದಂಗ ಬೋರ್ಡಿನ ತಿಕ್ಕಾಟದಿಂದ ಎರಡರದೂ ವೇಗ ಇಳೀತದ.