ಕಿವಿ ಮೆಷಿನ್ ಇದ್ದರೂ ಮದುವೆ ಛತ್ರದಲ್ಲಿ ಅಪ್ಪನಿಗೆ ಮಾತು ಕೇಳಲ್ಲ, ಬೇರೆ ಏನಾದರೂ ಸಾಧನ ಇದೆಯಾ?

ಇದೆ. ನಮ್ಮಮ್ಮನಿಗೂ ಹೀಗೇ ಆಗುತ್ತಿತ್ತು. ಹಾಸನದ ಛತ್ರವೊಂದರಲ್ಲಿ ಊಟಕ್ಕೆ ಕೂತಾಗ ಬಕೆಟ್ಟಿಗೆ ಸೌಟು ತಾಗುವ ಸದ್ದು ಕಿವಿಗೆ ರಾಚುತ್ತಿತ್ತು, ಪಕ್ಕದಲ್ಲೇ ಕೂತ ಅತ್ತಿಗೆಯ ಮಾತು ಮಾತ್ರ ಇಲ್ಲ.

ಮೆಷಿನ್ ಕೆಟ್ಟಿದೆ ಅಂತ ಅಲ್ಲ. ಅದು ಮಾತಿನ ಜೊತೆ ಸುತ್ತಲಿನ ಗದ್ದಲವನ್ನೂ ದೊಡ್ಡದು ಮಾಡುತ್ತದೆ. ಮಾತಾಡುವವರು ದೂರ ಹೋದಷ್ಟೂ ದನಿ ಇಳಿಯುತ್ತದೆ. ತೆರೆದ ಜಾಗದಲ್ಲಿ ದೂರ ಎರಡರಷ್ಟಾದರೆ ಸುಮಾರು 6 ಡೆಸಿಬಲ್ (ಸದ್ದಿನ ಅಳತೆ) ಕಮ್ಮಿ. ಅದಕ್ಕೆ ರಿಮೋಟ್ ಮೈಕ್ ಒಳ್ಳೆಯದು. ಮಾತಾಡುವವರ ಕಾಲರಿಗೆ ಸಿಕ್ಕಿಸಿದರೆ ದನಿ ನೇರ ಮೆಷಿನ್ನಿಗೆ ಹೋಗುತ್ತದೆ. ಟಿವಿಗೂ ಇಂಥದ್ದೇ ಪುಟ್ಟ ಪೆಟ್ಟಿಗೆ ಬರುತ್ತದೆ, ಮನೆಯವರೆಲ್ಲ ಜೋರು ಸೌಂಡ್ ಸಹಿಸಬೇಕಿಲ್ಲ.

ಆದರೆ ಸುಮ್ನೆ ಆನ್‌ಲೈನಿನಲ್ಲಿ ಕೊಳ್ಳಬೇಡಿ. ಎಲ್ಲ ಮೈಕ್ ಎಲ್ಲ ಮೆಷಿನ್ನಿಗೂ ಹೊಂದುವುದಿಲ್ಲ. ಅಪ್ಪನ ಮೆಷಿನ್ನಿನಲ್ಲಿ ಬ್ಲೂಟೂತ್ ಅಥವಾ ಟೆಲಿಕಾಯಿಲ್ (ದನಿಯನ್ನು ತಂತಿಯಿಲ್ಲದೆ ಹಿಡಿಯುವ ಪುಟ್ಟ ಸುರುಳಿ) ಇದೆಯಾ ಅಂತ ಕಿವಿ ಪರೀಕ್ಷಿಸಿ ಮೆಷಿನ್ ಹೊಂದಿಸುವ ಆಡಿಯಾಲಜಿಸ್ಟ್ ಹತ್ತಿರ ಕೇಳಿ, ಅಲ್ಲೇ ಹಾಕಿಸಿ ನೋಡಿ. ಹಾಸನದಿಂದ ಮೈಸೂರು ದೂರವೇನಲ್ಲ, ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಬಹುದು. ಅಂಗವೈಕಲ್ಯ 40% ಅಥವಾ ಜಾಸ್ತಿ ಇದ್ದು, ಆದಾಯ ಮಿತಿಯೊಳಗಿದ್ದರೆ ಕೇಂದ್ರದ ಎಡಿಪ್ ಯೋಜನೆಯಲ್ಲಿ ಮೆಷಿನ್ನಿಗೆ ನೆರವು ಸಿಗುತ್ತದೆ.

ಅಲ್ಲಿಯವರೆಗೆ ಛತ್ರದಲ್ಲಿ ಅಪ್ಪನನ್ನು ಗೋಡೆಗೆ ಬೆನ್ನು ಮಾಡಿ, ವಾಲಗದಿಂದ ದೂರ ಕೂರಿಸಿ. ಮುಖ ನೋಡಿ ಮಾತಾಡಿ.